ಗುಂಪು ಯೋಜನೆಯ ಮೂಲಕ ಜೀವನ ಬರಹವನ್ನು ಕಲಿಸುವ ಬಗೆ

ಜೀವನ ಬರಹವನ್ನು ಗುಂಪಿನ ಕೆಲಸವಾಗಿ ಕೊಟ್ಟಾಗ ಹೆಚ್ಚಿನ ತರಗತಿಗಳಲ್ಲಿ ನಡೆಯುವುದು ಬರಿಯ ಕೆಲಸದ ಹಂಚಿಕೆ. ನಾಲ್ವರು ವಿದ್ಯಾರ್ಥಿಗಳು ಒಬ್ಬ ವ್ಯಕ್ತಿಯನ್ನು ಆರಿಸಿಕೊಳ್ಳುತ್ತಾರೆ. ಒಬ್ಬರಿಗೆ ಬಾಲ್ಯ, ಒಬ್ಬರಿಗೆ ವಿದ್ಯಾಭ್ಯಾಸ, ಒಬ್ಬರಿಗೆ ಉದ್ಯೋಗ, ಉಳಿದವರಿಗೆ ಸಾಧನೆ ಎಂದು ಬದುಕನ್ನು ಪಾಲು ಮಾಡಿಕೊಳ್ಳುತ್ತಾರೆ. ಒಪ್ಪಿಸುವ ಹಿಂದಿನ ದಿನ ನಾಲ್ಕೂ ಪಾಲುಗಳನ್ನು ಒಂದೇ ಕಡತದಲ್ಲಿ ಜೋಡಿಸುತ್ತಾರೆ. ಹೀಗೆ ಸಿದ್ಧವಾದ ಬರಹದಲ್ಲಿ ತಪ್ಪು ಮಾಹಿತಿ ಇರದಿರಬಹುದು, ಆದರೆ ಅದನ್ನು ಬರೆದ ನಾಲ್ವರಲ್ಲಿ ಯಾರೂ ಆ ಬದುಕನ್ನು ಇಡಿಯಾಗಿ ಎದುರಿಸಿರುವುದಿಲ್ಲ. ಬಾಲ್ಯವನ್ನು ಬರೆದವರಿಗೆ ಮುಂದೆ ಅದರ ಯಾವ ನೆನಪು ಉಳಿಯಿತೆಂಬುದು ತಿಳಿದಿರುವುದಿಲ್ಲ. ಉದ್ಯೋಗವನ್ನು ಬರೆದವರಿಗೆ ಆ ವ್ಯಕ್ತಿ ಏನನ್ನು ಬಿಟ್ಟುಕೊಟ್ಟು ಆ ಉದ್ಯೋಗಕ್ಕೆ ಬಂದರೆಂಬುದು ತಿಳಿದಿರುವುದಿಲ್ಲ.

ಗುಂಪಿನಲ್ಲಿ ಹಂಚಬೇಕಾದದ್ದು ಬದುಕಿನ ಕಾಲಘಟ್ಟಗಳನ್ನಲ್ಲ ಎಂಬುದು ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಹಿಡಿದು ನಡೆಯುವ ನಿಲುವು. ಒಂದೇ ಮಾತನ್ನು ಎಲ್ಲರೂ ಕೇಳಬೇಕು, ಒಂದೇ ಪ್ರಸಂಗವನ್ನು ಎಲ್ಲರೂ ಬರೆಯಬೇಕು, ಬರೆದವುಗಳ ನಡುವೆ ಕಾಣುವ ವ್ಯತ್ಯಾಸ ಎಲ್ಲಿಂದ ಬಂತೆಂದು ಒಟ್ಟಿಗೆ ಕುಳಿತು ಹುಡುಕಬೇಕು. ಒಬ್ಬರೇ ಬರೆಯುವಾಗ ತಾವು ಮಾಡಿದ ಆಯ್ಕೆಗಳು ಆಯ್ಕೆಗಳೆಂದೇ ಅನಿಸುವುದಿಲ್ಲ. ಪಕ್ಕದವರು ಅದೇ ಸಾಮಗ್ರಿಯಿಂದ ಬೇರೊಬ್ಬ ಮನುಷ್ಯನನ್ನು ಕಟ್ಟಿದ್ದನ್ನು ಓದಿದಾಗ ಮಾತ್ರ ಅವು ಕಣ್ಣಿಗೆ ಬೀಳುತ್ತವೆ.

ಜೀವನ ಚರಿತ್ರೆಯ ಇತಿಹಾಸದಲ್ಲಿಯೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ 1784ರ ಡಿಸೆಂಬರಿನಲ್ಲಿ ತೀರಿಕೊಂಡ ಏಳು ವರ್ಷಗಳೊಳಗೆ, ಅವರನ್ನು ಹತ್ತಿರದಿಂದ ಬಲ್ಲ ಮೂವರು ಅವರ ಬಗ್ಗೆ ಪುಸ್ತಕಗಳನ್ನು ಪ್ರಕಟಿಸಿದರು. 1786ರಲ್ಲಿ ಬರೆದ ಹೆಸ್ಟರ್ ಪಿಯೊಜಿ ತಮ್ಮ ಮನೆಯಲ್ಲಿ ವರ್ಷಗಟ್ಟಲೆ ಅವರಿಗೆ ಆತಿಥ್ಯ ನೀಡಿದವರು. 1787ರಲ್ಲಿ ಬರೆದ ಜಾನ್ ಹಾಕಿನ್ಸ್ ಹಳೆಯ ಸ್ನೇಹಿತರು, ಅವರ ಉಯಿಲನ್ನು ಜಾರಿಗೊಳಿಸುವ ಹೊಣೆ ಹೊತ್ತವರಲ್ಲಿ ಒಬ್ಬರು. 1791ರಲ್ಲಿ ಬರೆದ ಜೇಮ್ಸ್ ಬಾಸ್ವೆಲ್ ಅವರನ್ನು ಮೊದಲು ಭೇಟಿಯಾದದ್ದು 1763ರಲ್ಲಿ. ಆಗ ಬಾಸ್ವೆಲ್‌ಗೆ 22 ವರ್ಷ, ಜಾನ್ಸನ್‌ಗೆ 53. ಮನೆಯೊಳಗಿನ ಜಾನ್ಸನ್, ಯೌವನದ ಕಷ್ಟಗಳನ್ನು ಕಂಡವರ ಜಾನ್ಸನ್, ಪ್ರಸಿದ್ಧಿಗೆ ಬಂದ ಮೇಲೆ ಮಾತಿನ ಮಲ್ಲರಾಗಿ ಕಾಣಿಸಿಕೊಂಡ ಜಾನ್ಸನ್ ಎಂದು ಮೂವರ ಬರಹದಲ್ಲಿ ಮೂರು ಮುಖಗಳು ಮೂಡಿವೆ. ಬರೆಯುವವರು ಎಲ್ಲಿ ನಿಂತಿದ್ದಾರೆಂಬುದೇ ಅವರಿಗೆ ಏನು ಕಾಣುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎನ್ನುವ ಈ ಸಂಗತಿಯನ್ನು ಯೋಜನೆಯ ಮೊದಲ ದಿನವೇ ವಿದ್ಯಾರ್ಥಿಗಳ ಮುಂದಿಡುವುದು ಉಪಯುಕ್ತ.

ಬದುಕನ್ನು ತುಂಡು ಮಾಡಿ ಹಂಚುವ ಕ್ರಮಕ್ಕೂ ಒಂದು ಗೌರವದ ಹಿನ್ನೆಲೆಯಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅಮೆರಿಕದ ಆಸ್ಟಿನ್ ನಗರದಲ್ಲಿ 1971ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ಸಂಗಡಿಗರು ರೂಪಿಸಿದ ‘ಜಿಗ್‌ಸಾ’ ವಿಧಾನದಲ್ಲಿ, ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಅವರ ಜೀವನ ಚರಿತ್ರೆಯನ್ನು ಆರು ಭಾಗ ಮಾಡಿ, ಗುಂಪಿನ ಆರು ಮಕ್ಕಳಿಗೆ ಒಂದೊಂದು ಭಾಗ ಕೊಟ್ಟು, ಪರಸ್ಪರ ಕಲಿಸುವಂತೆ ಮಾಡಲಾಗಿತ್ತು. ಬೇರೆ ಬೇರೆ ಸಮುದಾಯಗಳ ಮಕ್ಕಳ ನಡುವಿನ ಹಗೆತನವನ್ನು ಕಡಿಮೆ ಮಾಡುವುದು ಅದರ ಉದ್ದೇಶವಾಗಿತ್ತು, ಅದಕ್ಕೆ ಆ ವಿಧಾನ ತಕ್ಕುದಾಗಿತ್ತು. ಈಗಾಗಲೇ ಬರೆದಿರುವ ಒಂದು ಬದುಕನ್ನು ಓದಿ ತಿಳಿಯಲು ಅದು ಇಂದಿಗೂ ಒಳ್ಳೆಯ ದಾರಿ. ಇನ್ನೂ ಯಾರೂ ಬರೆಯದ ಬದುಕನ್ನು ಬರೆಯಲು ಹೊರಟಾಗ ಅದೇ ಹಂಚಿಕೆ ಅಡ್ಡಿಯಾಗುತ್ತದೆ, ಏಕೆಂದರೆ ಯಾವುದು ಯಾವ ಭಾಗಕ್ಕೆ ಸೇರಬೇಕೆಂಬುದು ಆಗ ಯಾರಿಗೂ ತಿಳಿದಿರುವುದಿಲ್ಲ.

ಗುಂಪು ಮತ್ತು ವ್ಯಕ್ತಿಯ ಆಯ್ಕೆ

ಗುಂಪಿನಲ್ಲಿ ನಾಲ್ವರಿದ್ದರೆ ಸಾಕು. ಮೂವರಾದರೆ ಒಬ್ಬರು ಗೈರುಹಾಜರಾದ ದಿನ ಕೆಲಸ ನಿಂತುಹೋಗುತ್ತದೆ. ಐವರನ್ನು ಮೀರಿದರೆ ಸಂದರ್ಶನ ನೀಡುವವರು ಒಂದು ಸಭೆಯ ಎದುರು ಕುಳಿತಂತಾಗಿ ಸಂಕೋಚಪಡುತ್ತಾರೆ. ಸ್ನೇಹಿತರೇ ಸೇರಿ ಗುಂಪು ಮಾಡಿಕೊಳ್ಳಲು ಬಿಡುವುದಕ್ಕಿಂತ, ಚೆನ್ನಾಗಿ ಕೇಳಿಸಿಕೊಳ್ಳುವವರು, ಚೆನ್ನಾಗಿ ಬರೆಯುವವರು ಮತ್ತು ಧೈರ್ಯವಾಗಿ ಪ್ರಶ್ನೆ ಕೇಳುವವರು ಪ್ರತಿ ಗುಂಪಿನಲ್ಲೂ ಇರುವಂತೆ ಶಿಕ್ಷಕರೇ ಹೊಂದಿಸುವುದು ಮೇಲು.

ಯಾರ ಬದುಕನ್ನು ಬರೆಯಬೇಕೆಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಪ್ರಸಿದ್ಧರನ್ನು ಆರಿಸಿಕೊಂಡರೆ ವಿದ್ಯಾರ್ಥಿಗಳು ಅಂತರಜಾಲದಲ್ಲಿರುವುದನ್ನು ಮತ್ತೆ ಬರೆಯುತ್ತಾರೆ, ಅದರಲ್ಲಿ ಅವರದೇ ಆದ ತೀರ್ಮಾನಕ್ಕೆ ಎಡೆಯಿರುವುದಿಲ್ಲ. ಆದ್ದರಿಂದ ಎರಡು ಮೂರು ಬಾರಿ ಭೇಟಿಗೆ ಸಿಗಬಲ್ಲ, ಮಾತನಾಡಲು ಮನಸ್ಸಿರುವ, ಸಾಮಾನ್ಯ ಬದುಕು ನಡೆಸಿದ ಹಿರಿಯರೊಬ್ಬರನ್ನು ಆರಿಸಿಕೊಳ್ಳಲಿ. ಅವರನ್ನು ಇಲ್ಲಿ ನಿರೂಪಕರು ಎಂದು ಕರೆಯುತ್ತೇನೆ, ಏಕೆಂದರೆ ತಮ್ಮ ಬದುಕನ್ನು ಮೊದಲು ಹೇಳುವವರು ಅವರೇ. ವಿದ್ಯಾರ್ಥಿಗಳು ಆ ಹೇಳಿಕೆಯನ್ನು ಬರಹಕ್ಕೆ ತರುವವರು. ನಿರೂಪಕರು ಗುಂಪಿನ ಒಬ್ಬ ಸದಸ್ಯರ ಅಜ್ಜಿಯೋ ದೊಡ್ಡಪ್ಪನೋ ಆಗಿದ್ದರೆ, ಆ ಸದಸ್ಯರು ಸಂದರ್ಶನದಲ್ಲಿ ಮುಖ್ಯ ಪ್ರಶ್ನೆಗಾರರಾಗದಿರುವುದು ಒಳ್ಳೆಯದು. ಮನೆಯವರಿಗೆ ಗೊತ್ತೇ ಇದೆ ಎಂದು ನಿರೂಪಕರು ಬಿಟ್ಟುಬಿಡುವ ವಿವರಗಳನ್ನು ಹೊರಗಿನವರು ಕೇಳಿದಾಗ ಅವರು ಮೊದಲಿನಿಂದ ಹೇಳುತ್ತಾರೆ. ಶಾಲೆಯಲ್ಲಿಯೇ ಕೆಲಸ ಮಾಡುವವರನ್ನು ಆರಿಸಿಕೊಳ್ಳುವಾಗ ಅವರು ಇಲ್ಲವೆನ್ನಲು ನಿಜವಾಗಿಯೂ ಸ್ವತಂತ್ರರೇ ಎಂಬುದನ್ನು ಶಿಕ್ಷಕರು ಯೋಚಿಸಬೇಕು.

ಮೊದಲ ಅಭ್ಯಾಸ: ಎಲ್ಲರೂ ಕಂಡ ಒಂದು ದಿನ

ಸಂದರ್ಶನಕ್ಕೆ ಹೊರಡುವ ಮೊದಲು ತರಗತಿಯಲ್ಲಿಯೇ ಒಂದು ಸಣ್ಣ ಅಭ್ಯಾಸ ನಡೆಸಬೇಕು. ಇಡೀ ತರಗತಿ ಒಟ್ಟಿಗೆ ಪಾಲ್ಗೊಂಡ ಒಂದು ಇತ್ತೀಚಿನ ದಿನವನ್ನು, ಉದಾಹರಣೆಗೆ ಒಂದು ಕ್ರೀಡಾಕೂಟವನ್ನೋ ಪರೀಕ್ಷೆಯ ಕೊನೆಯ ದಿನವನ್ನೋ ತೆಗೆದುಕೊಂಡು, ಪ್ರತಿಯೊಬ್ಬರೂ ಪರಸ್ಪರ ಮಾತನಾಡದೆ ಹದಿನೈದು ನಿಮಿಷ ಬರೆಯಲಿ. ಬಳಿಕ ಗುಂಪುಗಳಲ್ಲಿ ಗಟ್ಟಿಯಾಗಿ ಓದಲಿ. ಒಬ್ಬರ ಬರಹದಲ್ಲಿ ಮಳೆ ಇರುತ್ತದೆ, ಇನ್ನೊಬ್ಬರಲ್ಲಿ ಇರುವುದಿಲ್ಲ; ಒಬ್ಬರಿಗೆ ಅದು ಗೆಲುವಿನ ದಿನ, ಇನ್ನೊಬ್ಬರಿಗೆ ಯಾರೂ ತಮ್ಮನ್ನು ಮಾತನಾಡಿಸದ ದಿನ. ಇವುಗಳಲ್ಲಿ ಯಾವುದನ್ನು ಸಾಕ್ಷ್ಯದಿಂದ ಇತ್ಯರ್ಥ ಮಾಡಬಹುದು, ಯಾವುದನ್ನು ಮಾಡಲಾಗದು ಎಂದು ಅವರೇ ಎರಡು ಪಟ್ಟಿ ಮಾಡಲಿ. ಮಳೆ ಬಂದಿತೇ ಎಂಬುದು ಮೊದಲ ಪಟ್ಟಿಗೆ ಸೇರುತ್ತದೆ, ಒಂಟಿತನ ಎರಡನೆಯದಕ್ಕೆ. ಜೀವನ ಬರಹಕ್ಕೆ ಎರಡೂ ಬೇಕು, ಆದರೆ ಎರಡನ್ನೂ ಒಂದೇ ಬಗೆಯ ವಾಕ್ಯದಲ್ಲಿ ಬರೆಯಲಾಗದು.

ಬ್ರಿಟನ್ನಿನಲ್ಲಿ 1937ರಲ್ಲಿ ಆರಂಭವಾದ ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆ ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಇಂಥದೇ ಕೆಲಸ. ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ ನಡೆದ ಆ ವರ್ಷದ ಮೇ 12ರಂದು ತಾವು ಏನು ಮಾಡಿದೆವು, ಏನು ಕಂಡೆವು ಎಂಬುದನ್ನು ಸಾಮಾನ್ಯ ಜನರು ಬರೆದು ಕಳುಹಿಸಿದರು. ಒಂದೇ ದಿನವು ಅನೇಕ ಬದುಕುಗಳೊಳಗಿಂದ ಹೇಗೆ ಬೇರೆ ಬೇರೆಯಾಗಿ ಹಾದುಹೋಗುತ್ತದೆ ಎಂದು ಅರಿತ ವಿದ್ಯಾರ್ಥಿಗಳು ಸಂದರ್ಶನದಲ್ಲಿ ಹೆಚ್ಚು ತಾಳ್ಮೆಯಿಂದ ಕೇಳುತ್ತಾರೆ.

ಒಪ್ಪಿಗೆ

ಒಪ್ಪಿಗೆಯನ್ನು ಎರಡು ಬಾರಿ ಪಡೆಯಬೇಕು. ಮೊದಲನೆಯದು ಧ್ವನಿಮುದ್ರಣಕ್ಕೆ ಮುಂಚೆ: ಈ ಕೆಲಸ ಏಕೆ ನಡೆಯುತ್ತಿದೆ, ಯಾರು ಓದುತ್ತಾರೆ, ಧ್ವನಿ ಕಡತ ಎಲ್ಲಿರುತ್ತದೆ, ನಿಜವಾದ ಹೆಸರು ಬಳಸಬಹುದೇ, ಯಾವ ಹಂತದಲ್ಲಿ ಬೇಕಾದರೂ ನಿರೂಪಕರು ಹಿಂದೆ ಸರಿಯಬಹುದು ಎಂಬ ವಿಷಯಗಳನ್ನು ಒಂದು ಪುಟದ ಸರಳ ಪತ್ರದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಎರಡನೆಯದು ಬರಹ ಸಿದ್ಧವಾದ ಮೇಲೆ. ಮೊದಲ ಬಾರಿ ಒಪ್ಪುವಾಗ ತಾವು ಏನೇನು ಹೇಳಿಬಿಡುತ್ತೇವೆಂದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ, ಎರಡನೆಯ ಒಪ್ಪಿಗೆಗೇ ಹೆಚ್ಚು ತೂಕ ಕೊಡಬೇಕು. ನಿರೂಪಕರ ಕಥೆಯಲ್ಲಿ ಬರುವ ಬೇರೆಯವರು, ಅಂದರೆ ಸಂಬಂಧಿಕರು, ನೆರೆಯವರು, ಹಳೆಯ ಮೇಲಧಿಕಾರಿಗಳು, ಯಾವ ಪತ್ರಕ್ಕೂ ಸಹಿ ಹಾಕಿರುವುದಿಲ್ಲ. ಅವರ ಹೆಸರುಗಳನ್ನು ಬದಲಿಸುವುದು ಅಥವಾ ಬಿಟ್ಟುಬಿಡುವುದು ನಿಯಮವಾಗಿರಲಿ.

ಸಂದರ್ಶನ

ಪ್ರಶ್ನೆಗಳ ಉದ್ದನೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋದವರು ಉತ್ತರಕ್ಕಿಂತ ಮುಂದಿನ ಪ್ರಶ್ನೆಯ ಕಡೆಗೇ ಗಮನ ಕೊಡುತ್ತಾರೆ. ಅದರ ಬದಲು ಐದಾರು ವಿಷಯಗಳನ್ನು ಗುರುತು ಮಾಡಿಕೊಂಡು, ಪ್ರತಿಯೊಂದಕ್ಕೂ ಒಂದು ತೆರೆದ ಪ್ರಶ್ನೆಯನ್ನು ಸಿದ್ಧಮಾಡಿಕೊಳ್ಳಲಿ. ‘ಆಗ ನಿಮಗೆ ತುಂಬಾ ಕಷ್ಟವಾಗಿರಬೇಕಲ್ಲವೇ?’ ಎಂಬ ಪ್ರಶ್ನೆ ಉತ್ತರವನ್ನು ತಾನೇ ಹೇಳಿಕೊಡುತ್ತದೆ. ‘ಆ ದಿನ ಬೆಳಿಗ್ಗೆಯಿಂದ ಏನೇನಾಯಿತು, ಹೇಳುತ್ತೀರಾ?’ ಎಂಬುದು ನೆನಪಿಗೆ ಜಾಗ ಕೊಡುತ್ತದೆ. ಪ್ರಶ್ನೆಯಲ್ಲಿರುವ ಒಂದು ಕ್ರಿಯಾಪದವೇ ನೆನಪನ್ನು ಬದಲಿಸಬಲ್ಲದೆಂಬುದಕ್ಕೆ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿಯಾಗಿದೆ. ಕಾರು ಅಪಘಾತದ ಚಿತ್ರಗಳನ್ನು ತೋರಿಸಿ, ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ಎಷ್ಟು ವೇಗದಲ್ಲಿದ್ದವು ಎಂದು ಕೇಳಿದಾಗ ಬಂದ ಸರಾಸರಿ ಅಂದಾಜು ಗಂಟೆಗೆ 40.5 ಮೈಲಿ; ತಾಗಿದಾಗ ಎಂದು ಕೇಳಿದಾಗ ಬಂದದ್ದು 31.8 ಮೈಲಿ. ಇಂಥದೇ ಎರಡನೆಯ ಪ್ರಯೋಗದಲ್ಲಿ, ಒಂದು ವಾರದ ನಂತರ, ಅಪ್ಪಳಿಸಿತೆಂಬ ಪದವನ್ನು ಕೇಳಿದವರಲ್ಲಿ, ಉಳಿದವರಿಗಿಂತ ಹೆಚ್ಚು ಜನ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡಿದ್ದೇವೆಂದರು. ಈ ಪ್ರಯೋಗವನ್ನು ವಿವರಿಸಿದ ಮೇಲೆ, ತಾವು ಬರೆದುಕೊಂಡ ಪ್ರಶ್ನೆಗಳಲ್ಲಿರುವ ಇಂಥ ಪದಗಳನ್ನು ವಿದ್ಯಾರ್ಥಿಗಳು ಪರಸ್ಪರ ತಿದ್ದಿಕೊಳ್ಳಲಿ.

ನಲವತ್ತು ದಾಟಿದವರು ತಮ್ಮ ಬದುಕನ್ನು ನೆನೆದಾಗ ಸುಮಾರು ಹತ್ತರಿಂದ ಮೂವತ್ತು ವಯಸ್ಸಿನ ನಡುವಿನ ಘಟನೆಗಳು ಹೆಚ್ಚಾಗಿ ಬರುತ್ತವೆ ಎಂಬುದು ನೆನಪಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಮೊದಲ ಭೇಟಿಯನ್ನು ಆ ಕಾಲದಿಂದ ಆರಂಭಿಸಿದರೆ ಮಾತು ಸರಾಗವಾಗುತ್ತದೆ. ಎರಡನೆಯ ಭೇಟಿಯಲ್ಲಿ ನಡುವಯಸ್ಸಿನ ಮೌನದ ವರ್ಷಗಳನ್ನು ಕೇಳಬೇಕು, ಏಕೆಂದರೆ ಕೇಳದಿದ್ದರೆ ಅವು ಬರಹದಲ್ಲಿ ಮಾಯವಾಗಿಬಿಡುತ್ತವೆ. ಹಳೆಯ ಫೋಟೊ, ಕೆಲಸದ ಉಪಕರಣ, ಪತ್ರ, ಗುರುತಿನ ಚೀಟಿ ಇವುಗಳಲ್ಲಿ ಯಾವುದಾದರೊಂದು ಕೈಯಲ್ಲಿದ್ದರೆ ಮಾತು ಸಾಮಾನ್ಯ ಹೇಳಿಕೆಗಳಿಂದ ವಿವರಗಳಿಗೆ ಇಳಿಯುತ್ತದೆ.

ಭೇಟಿಗೆ ನಾಲ್ವರೂ ಹೋಗಲಿ, ಆದರೆ ಪ್ರಶ್ನೆ ಕೇಳುವವರು ಒಬ್ಬರೇ ಇರಲಿ. ಎರಡನೆಯವರು ಧ್ವನಿಮುದ್ರಣದ ಹೊಣೆ ಹೊರಲಿ. ಮೂರನೆಯವರು ಧ್ವನಿಯಲ್ಲಿ ದಾಖಲಾಗದ್ದನ್ನು, ಅಂದರೆ ಕೈಯ ಚಲನೆ, ನಗು, ಕೋಣೆ, ಯಾವ ಮಾತಿನ ನಂತರ ಎಷ್ಟು ಹೊತ್ತು ಸುಮ್ಮನಾದರು ಎಂಬುದನ್ನು ಬರೆದುಕೊಳ್ಳಲಿ. ನಾಲ್ಕನೆಯವರು ಏನನ್ನೂ ಬರೆದುಕೊಳ್ಳದೆ ಕೇಳಲಿ, ಕೊನೆಯ ಹತ್ತು ನಿಮಿಷದಲ್ಲಿ ಬಿಟ್ಟುಹೋದ ಪ್ರಶ್ನೆಗಳನ್ನು ಕೇಳಲಿ. ಬರಿದೆ ಕೇಳುವ ಈ ನಾಲ್ಕನೆಯ ಪಾತ್ರ ಅತ್ಯಂತ ಕಠಿಣವಾದದ್ದೆಂದು ನನ್ನ ಅಭಿಪ್ರಾಯ, ಆದ್ದರಿಂದ ಮುಂದಿನ ಭೇಟಿಗೆ ಪಾತ್ರಗಳನ್ನು ಅದಲು ಬದಲು ಮಾಡಬೇಕು. ಒಂದು ಭೇಟಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಮುಗಿಯಲಿ; ಅಮೆರಿಕದಲ್ಲಿ 2003ರಲ್ಲಿ ಆರಂಭವಾಗಿ ಸಾಮಾನ್ಯರ ಸಂಭಾಷಣೆಗಳನ್ನು ದಾಖಲಿಸುತ್ತ ಬಂದಿರುವ ‘ಸ್ಟೋರಿಕಾರ್ಪ್ಸ್’ ಸಂಸ್ಥೆ ತನ್ನ ಸಂಭಾಷಣೆಗಳಿಗೆ ಇಟ್ಟುಕೊಂಡಿರುವ ಅವಧಿ 40 ನಿಮಿಷ. ಮೊಬೈಲ್ ಫೋನಿನಲ್ಲಿ ಮುದ್ರಿಸಿಕೊಳ್ಳುವಾಗ ಕರೆಗಳು ಬರದಂತೆ ಏರ್‌ಪ್ಲೇನ್ ಮೋಡ್‌ನಲ್ಲಿಡುವುದು, ಎರಡು ಫೋನುಗಳಲ್ಲಿ ಏಕಕಾಲಕ್ಕೆ ಮುದ್ರಿಸುವುದು, ಮೊದಲ ಒಂದು ನಿಮಿಷವನ್ನು ಕೇಳಿ ಪರೀಕ್ಷಿಸುವುದು ಇವಿಷ್ಟನ್ನು ಮರೆಯದಿದ್ದರೆ ಬೇರೆ ಯಂತ್ರ ಬೇಕಿಲ್ಲ.

ನಿರೂಪಕರು ಕಣ್ಣೀರಿಟ್ಟರೆ ಏನು ಮಾಡಬೇಕೆಂಬುದನ್ನು ಮೊದಲೇ ಹೇಳಿಕೊಟ್ಟಿರಬೇಕು. ಮುದ್ರಣ ನಿಲ್ಲಿಸುವುದು, ಸುಮ್ಮನೆ ಜೊತೆಯಲ್ಲಿ ಕುಳಿತಿರುವುದು, ಮುಂದುವರಿಸುವುದೋ ಬೇಡವೋ ಎಂಬ ತೀರ್ಮಾನವನ್ನು ಅವರಿಗೇ ಬಿಡುವುದು, ಆ ದಿನವೇ ಶಿಕ್ಷಕರಿಗೆ ತಿಳಿಸುವುದು. ಸಮಾಧಾನ ಹೇಳುವ ಆತುರದಲ್ಲಿ ವಿಷಯ ಬದಲಿಸಿದರೆ, ಅದನ್ನು ಹೇಳಬಾರದಿತ್ತೇನೋ ಎಂಬ ಭಾವನೆ ಅವರಲ್ಲಿ ಉಳಿಯಬಹುದು.

ಮಾತನ್ನು ಬರಹಕ್ಕಿಳಿಸುವುದು

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಅನುಭವಿಗಳಿಗೂ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ, ವಿದ್ಯಾರ್ಥಿಗಳಿಗೆ ಅದಕ್ಕಿಂತ ಹೆಚ್ಚು. ಇದೊಂದನ್ನು ಮಾತ್ರ ಹಂಚಿಕೊಳ್ಳಲೇಬೇಕು. ಹದಿನೈದು ನಿಮಿಷಗಳ ನಾಲ್ಕು ಭಾಗ ಮಾಡಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಧ್ವನಿಯೊಂದಿಗೆ ಹೋಲಿಸಿ ತಿದ್ದಲಿ. ಮಾತನ್ನು ತಾನಾಗಿ ಬರಹ ಮಾಡಿಕೊಡುವ ತಂತ್ರಾಂಶವನ್ನು ಮೊದಲ ಕರಡಿಗೆ ಬಳಸಬಹುದು, ಆದರೆ ಅದು ಅರೆಬರೆ ವಾಕ್ಯಗಳನ್ನು ತಾನೇ ಪೂರ್ತಿ ಮಾಡಿ, ತಡವರಿಕೆಗಳನ್ನು ಅಳಿಸಿಹಾಕುವುದುಂಟು. ಜೀವನ ಬರಹಕ್ಕೆ ಅನೇಕ ವೇಳೆ ಬೇಕಾಗುವುದು ಅವೇ.

ನಿರೂಪಕರ ಆಡುಮಾತನ್ನು ಗ್ರಂಥಸ್ಥ ಭಾಷೆಗೆ ತಿದ್ದುವ ಹಂಬಲ ವಿದ್ಯಾರ್ಥಿಗಳಲ್ಲಿ ಬಲವಾಗಿರುತ್ತದೆ, ಏಕೆಂದರೆ ಶಾಲೆ ಅವರಿಗೆ ಕಲಿಸಿರುವುದೇ ಅದನ್ನು. ಅಕ್ಷರಕ್ಕಿಳಿಸುವ ಹಂತದಲ್ಲಿ ಅವರು ಆಡಿದ ಹಾಗೆಯೇ ಇರಲಿ. ಅಂತಿಮ ಬರಹದಲ್ಲಿ ಉದ್ಧರಣ ಚಿಹ್ನೆಯೊಳಗಿನ ಮಾತು ಅವರದೇ ನುಡಿಯಲ್ಲಿರಲಿ, ಹೊರಗಿನ ನಿರೂಪಣೆ ವಿದ್ಯಾರ್ಥಿಗಳ ಭಾಷೆಯಲ್ಲಿರಲಿ. ಓದಲು ಕಷ್ಟವಾಗುವಂತೆ ಪ್ರತಿ ಉಚ್ಚಾರಣೆಯನ್ನೂ ಅನುಕರಿಸಿ ಬರೆಯುವುದೂ ತಪ್ಪೇ, ಏಕೆಂದರೆ ಅದು ಆ ವ್ಯಕ್ತಿಯನ್ನು ನಗೆಗೀಡು ಮಾಡುತ್ತದೆ.

ನೆನಪು ಮತ್ತು ದಾಖಲೆ

ಮುಂದಿನ ಹಂತದಲ್ಲಿ ಗುಂಪು ಮೂರು ಅಂಕಣಗಳ ಒಂದು ಪಟ್ಟಿ ಮಾಡಲಿ: ನಿರೂಪಕರು ಹೇಳಿದ್ದು, ಬೇರೆ ಆಧಾರ ಹೇಳುವುದು, ನಾವು ಬರೆಯುವುದು. ಪ್ರಮಾಣಪತ್ರ, ಪತ್ರ, ಫೋಟೊದ ಹಿಂಬದಿಯ ಬರಹ, ಹಳೆಯ ಪತ್ರಿಕೆ, ಅದೇ ಘಟನೆಯನ್ನು ಕಂಡ ಇನ್ನೊಬ್ಬರ ಮಾತು ಇವೆಲ್ಲ ಎರಡನೆಯ ಅಂಕಣಕ್ಕೆ ಬರುತ್ತವೆ. ಮೊದಲೆರಡು ಅಂಕಣಗಳು ಹೊಂದದಿದ್ದಾಗ ನಿರೂಪಕರು ತಪ್ಪು ಹೇಳಿದರೆಂದು ವಿದ್ಯಾರ್ಥಿಗಳು ತಕ್ಷಣ ತೀರ್ಮಾನಿಸುತ್ತಾರೆ. ಅಲ್ಲಿ ಶಿಕ್ಷಕರು ತಡೆಯಬೇಕು.

ಇಟಲಿಯ ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲೂಯಿಜಿ ತ್ರಾಸ್ತುಲ್ಲಿ ಎಂಬ 21 ವರ್ಷದ ಕಾರ್ಮಿಕ 1949ರ ಮಾರ್ಚ್ 17ರಂದು, ಇಟಲಿ ನ್ಯಾಟೊ ಒಕ್ಕೂಟಕ್ಕೆ ಸೇರುವುದನ್ನು ವಿರೋಧಿಸಿ ನಡೆದ ಪ್ರತಿಭಟನೆಯ ವೇಳೆ ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಸತ್ತರು. ದಶಕಗಳ ನಂತರ ಮೌಖಿಕ ಇತಿಹಾಸಕಾರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಆ ಊರಿನವರ ನೆನಪುಗಳನ್ನು ಸಂಗ್ರಹಿಸಿದಾಗ, ಅನೇಕರು ಆ ಸಾವನ್ನು 1953ರಲ್ಲಿ, ಕಾರ್ಖಾನೆ ದೊಡ್ಡ ಸಂಖ್ಯೆಯಲ್ಲಿ ಕಾರ್ಮಿಕರನ್ನು ತೆಗೆದುಹಾಕಿದಾಗ ನಡೆದ ಹೋರಾಟದ ಭಾಗವಾಗಿ ಹೇಳಿದರು. ಪೋರ್ತೆಲ್ಲಿ ಅದನ್ನು ಮರೆವೆಂದು ತಳ್ಳಿಹಾಕಲಿಲ್ಲ. ಒಬ್ಬ ಸಂಗಾತಿ ಸತ್ತಾಗ ಏನೂ ಮಾಡಲಾಗದ ಅವಮಾನವನ್ನು ಆ ಸಮುದಾಯ, ಎದೆಗೊಟ್ಟು ಹೋರಾಡಿದ ವರ್ಷಕ್ಕೆ ಆ ಸಾವನ್ನು ಸೇರಿಸಿಕೊಳ್ಳುವ ಮೂಲಕ ಸಹಿಸಿಕೊಂಡಿತೆಂದು ತೋರಿಸಿಕೊಟ್ಟರು. ಈ ಉದಾಹರಣೆಯ ನಂತರ ವಿದ್ಯಾರ್ಥಿಗಳು ಹೊಂದದ ದಿನಾಂಕವೊಂದನ್ನು ಕಂಡಾಗ, ಇದನ್ನು ಈ ವರ್ಷಕ್ಕೆ ಸರಿಸಿಕೊಂಡದ್ದರಿಂದ ಇವರ ಕಥೆಗೆ ಏನು ದಕ್ಕಿತು ಎಂದು ಕೇಳುವುದನ್ನು ಕಲಿಯುತ್ತಾರೆ. ಮೂರನೆಯ ಅಂಕಣದಲ್ಲಿ ಅವರು ಎರಡನ್ನೂ ಬರೆಯಬಹುದು: ದಾಖಲೆಯ ವರ್ಷ ಇದು, ಅವರ ನೆನಪಿನಲ್ಲಿ ಅದು ನಿಂತಿರುವುದು ಇಲ್ಲಿ. ಪ್ರತಿ ಹೊಂದದ ದಿನಾಂಕಕ್ಕೂ ಇಂಥ ಆಳವಿರುತ್ತದೆಂದು ಹೇಳುವಂತಿಲ್ಲ. ಕೆಲವು ಬರಿಯ ಮರೆವೇ. ಯಾವುದು ಯಾವುದೆಂದು ವಾದಿಸಲು ಗುಂಪು ಇದೆ.

ನಾಲ್ವರೂ ಬರೆಯುವ ಒಂದು ಪುಟ

ಯೋಜನೆಯ ಹೃದಯಭಾಗ ಇದು, ಸಮಯ ಎಷ್ಟೇ ಕಡಿಮೆಯಿದ್ದರೂ ಇದನ್ನು ಕೈಬಿಡಬಾರದು. ಸಂದರ್ಶನದಿಂದ ಒಂದೇ ಪ್ರಸಂಗವನ್ನು ಆರಿಸಿ, ನಾಲ್ವರೂ ಪ್ರತ್ಯೇಕವಾಗಿ, ಒಬ್ಬರದನ್ನು ಒಬ್ಬರು ನೋಡದೆ, ಒಂದು ಪುಟ ಬರೆಯಬೇಕು.

ಉದಾಹರಣೆಗೆ, ದಾದಿಯಾಗಿ ನಿವೃತ್ತರಾದ ಒಬ್ಬ ಮಹಿಳೆ ಹೀಗೆ ಹೇಳಿದರೆಂದು ಊಹಿಸಿಕೊಳ್ಳೋಣ: ‘ಆಗ ನಾನು ಶಾಲೆ ಬಿಟ್ಟೆ. ಬಿಟ್ಟೆ ಅಂದ್ರೆ, ಬಿಡಬೇಕಾಯ್ತು. ತಮ್ಮ ಇನ್ನೂ ಚಿಕ್ಕವನು. ಅದೇನ್ ದೊಡ್ಡ ವಿಷಯ ಅಲ್ಲ ಬಿಡಿ. ಪುಸ್ತಕ ಮಾತ್ರ ವಾಪಸ್ ಕೊಡ್ಲಿಲ್ಲ.’ ಮೊದಲ ವಿದ್ಯಾರ್ಥಿ ಇದನ್ನು ಬಡತನದ ಕಥೆಯಾಗಿ ಬರೆಯುತ್ತಾರೆ, ಹೇಳಿಕೆಯಲ್ಲಿ ಬಡತನದ ಮಾತೇ ಇಲ್ಲದಿದ್ದರೂ. ಎರಡನೆಯವರು ತ್ಯಾಗದ ಕಥೆ ಬರೆದು, ‘ಅದೇನ್ ದೊಡ್ಡ ವಿಷಯ ಅಲ್ಲ’ ಎಂಬ ವಾಕ್ಯವನ್ನು ಬಿಟ್ಟುಬಿಡುತ್ತಾರೆ, ಏಕೆಂದರೆ ಅದು ತ್ಯಾಗಕ್ಕೆ ಒಗ್ಗುವುದಿಲ್ಲ. ಮೂರನೆಯವರು ಆ ವಾಕ್ಯವನ್ನು ಅಕ್ಷರಶಃ ನಂಬಿ, ಎರಡೇ ಸಾಲಿನಲ್ಲಿ ಪ್ರಸಂಗವನ್ನು ದಾಟಿ ಮುಂದೆ ಹೋಗುತ್ತಾರೆ. ನಾಲ್ಕನೆಯವರು ‘ಬಿಟ್ಟೆ’ ಎಂದವರು ‘ಬಿಡಬೇಕಾಯ್ತು’ ಎಂದು ತಿದ್ದಿಕೊಂಡದ್ದನ್ನೂ, ಹಿಂದಿರುಗಿಸದ ಪುಸ್ತಕವನ್ನೂ ಹಿಡಿದುಕೊಂಡು, ಕೊನೆಯಲ್ಲಿ ಆಕೆ ಆ ಪುಸ್ತಕವನ್ನು ರಾತ್ರಿಗಳಲ್ಲಿ ಓದುತ್ತಿದ್ದರೆಂದು ಸೇರಿಸುತ್ತಾರೆ. ಆಕೆ ಹಾಗೆ ಹೇಳಿರುವುದಿಲ್ಲ.

ಈ ನಾಲ್ಕು ಪುಟಗಳನ್ನು ಗಟ್ಟಿಯಾಗಿ ಓದಿದ ಮೇಲೆ ಗುಂಪು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಪ್ರತಿ ವಾಕ್ಯಕ್ಕೂ ಸಂದರ್ಶನದ ಯಾವ ಸಾಲು ಆಧಾರ? ಆಧಾರವಿಲ್ಲದ ವಾಕ್ಯವನ್ನು ಏಕೆ ಬರೆದೆವು? ಯಾವ ಮಾತನ್ನು ನಾಲ್ವರಲ್ಲಿ ಮೂವರು ಬಿಟ್ಟೆವು? ಮೊದಲ ಪ್ರಶ್ನೆಯಿಂದ ಬಡತನವೂ ರಾತ್ರಿಯ ಓದೂ ಹೊರಗೆ ಹೋಗುತ್ತವೆ. ಮೂರನೆಯದರಿಂದ ಪುಸ್ತಕ ಒಳಗೆ ಬರುತ್ತದೆ. ಹಾಗಾದರೆ ಆ ಪುಸ್ತಕದ ಬಗ್ಗೆ ಇನ್ನೊಮ್ಮೆ ಕೇಳಿಬರಬೇಕೆಂದು ಯಾರಾದರೂ ಹೇಳುತ್ತಾರೆ. ಎರಡನೆಯ ಭೇಟಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಾರದು. ಕಲ್ಪನೆಯನ್ನು ಸಂಪೂರ್ಣ ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ‘ಆ ಪುಸ್ತಕವನ್ನು ಅವರು ಮತ್ತೆ ತೆರೆದು ನೋಡಿರಬಹುದು’ ಎಂದು ಬರೆದರೆ ಓದುಗರಿಗೆ ಅದು ಊಹೆಯೆಂದು ತಿಳಿಯುತ್ತದೆ, ನೋಡಿದರು ಎಂದು ಬರೆದರೆ ತಿಳಿಯುವುದಿಲ್ಲ. ಈ ಒಂದು ಕ್ರಿಯಾರೂಪದ ವ್ಯತ್ಯಾಸದ ಮೇಲೆ ಇಡೀ ಬರಹದ ಪ್ರಾಮಾಣಿಕತೆ ನಿಂತಿದೆ.

ಒಂದೇ ಬರಹವಾಗಿಸುವುದು

ನಾಲ್ಕು ಪುಟಗಳ ಚರ್ಚೆಯ ನಂತರವೇ ಪೂರ್ಣ ಬರಹದ ವಿನ್ಯಾಸವನ್ನು ನಿರ್ಧರಿಸಬೇಕು. ಹುಟ್ಟಿನಿಂದ ಆರಂಭಿಸುವ ಅಗತ್ಯವಿಲ್ಲ. ಆ ಬದುಕು ತಿರುಗಿದ ಒಂದು ದಿನದಿಂದ, ಇಲ್ಲವೇ ನಿರೂಪಕರು ಎರಡೂ ಭೇಟಿಗಳಲ್ಲಿ ತಾವಾಗಿಯೇ ಹಿಂದಿರುಗಿದ ಒಂದು ವಿಷಯದಿಂದ ತೊಡಗಬಹುದು. ಸುಮಾರು 1500 ಪದಗಳ ಮಿತಿಯಿದ್ದರೆ ಎಲ್ಲವನ್ನೂ ಹೇಳುವ ಆಸೆ ತಾನಾಗಿ ಕಡಿಮೆಯಾಗುತ್ತದೆ. ಯಾರ ಧ್ವನಿಯಲ್ಲಿ ಬರೆಯಬೇಕೆಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಲಿ. ‘ನಾನು’ ಎಂದು ನಿರೂಪಕರ ಧ್ವನಿಯಲ್ಲಿ ಬರೆಯುವುದು ಆಕರ್ಷಕವಾಗಿ ಕಂಡರೂ, ಅವರು ಆಡದ ಮಾತುಗಳನ್ನು ಅವರ ಬಾಯಿಗೆ ಹಾಕುವ ಅಪಾಯ ಅದರಲ್ಲಿ ಹೆಚ್ಚು. ‘ಅವರು’ ಎಂದು ಹೇಳುವ ಪ್ರಥಮ ಪುರುಷದ ನಿರೂಪಣೆಯ ನಡುವೆ ಅವರ ಮಾತುಗಳನ್ನು ಉದ್ಧರಿಸುವುದನ್ನೇ ಹೊಸಬರಿಗೆ ನಾನು ಸಲಹೆ ಮಾಡುತ್ತೇನೆ. ನಾಲ್ವರ ನಡುವೆ ಒಂದು ಪ್ರಸಂಗದ ಅರ್ಥದ ಬಗ್ಗೆ ಒಮ್ಮತ ಬಾರದಿದ್ದರೆ ಎರಡು ಓದುಗಳನ್ನೂ ಬರಹದಲ್ಲಿ ಉಳಿಸಿಕೊಳ್ಳಬಹುದು. ಕೊನೆಯ ಕರಡನ್ನು ಒಬ್ಬರು ಕುಳಿತು ಒಂದೇ ಲಯಕ್ಕೆ ತರಲಿ, ಆದರೆ ಅರ್ಥವನ್ನು ಬದಲಿಸುವ ಅಧಿಕಾರ ಅವರಿಗಿರದು. ಜೊತೆಗೆ, ಏನನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂಬ ಅರ್ಧ ಪುಟದ ಟಿಪ್ಪಣಿಯನ್ನು ಶಿಕ್ಷಕರಿಗೆ ಮಾತ್ರ ಒಪ್ಪಿಸಲಿ.

ಬರಹವನ್ನು ನಿರೂಪಕರಿಗೆ ಕಳುಹಿಸಿಕೊಟ್ಟರೆ ಸಾಲದು, ಅವರೆದುರು ಕುಳಿತು ಗಟ್ಟಿಯಾಗಿ ಓದಬೇಕು. ವಾಸ್ತವದ ತಪ್ಪನ್ನು ಅವರು ತೋರಿಸಿದರೆ ತಿದ್ದಬೇಕು; ಒಂದು ಸಂಗತಿ ಬೇಡವೆಂದರೆ ಅದು ಎಷ್ಟೇ ಚೆನ್ನಾಗಿ ಬಂದಿದ್ದರೂ ತೆಗೆಯಬೇಕು. ಆದರೆ ವಿದ್ಯಾರ್ಥಿಗಳ ಗ್ರಹಿಕೆಯನ್ನು ಅವರು ಒಪ್ಪದಿದ್ದಾಗ, ಅವರ ಭಿನ್ನಾಭಿಪ್ರಾಯವನ್ನೇ ಬರಹದಲ್ಲಿ ಒಂದು ಸಾಲಾಗಿ ಸೇರಿಸಲು ಅನುಮತಿ ಕೇಳಬಹುದು.

ಅಂಕಗಳು ಮತ್ತು ಸಮಯ

ಎಲ್ಲರಿಗೂ ಒಂದೇ ಅಂಕ ಕೊಟ್ಟರೆ ಒಬ್ಬರೋ ಇಬ್ಬರೋ ದುಡಿಯುತ್ತಾರೆ. ಮನಶ್ಶಾಸ್ತ್ರಜ್ಞ ಬಿಬ್ ಲಾಟನೆ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಪ್ಪಾಳೆ ತಟ್ಟಲು ಮತ್ತು ಕೂಗಲು ಹೇಳಿದಾಗ ಗುಂಪು ದೊಡ್ಡದಾದಂತೆಲ್ಲ ಪ್ರತಿಯೊಬ್ಬರ ಪ್ರಯತ್ನ ಕುಗ್ಗಿತು. ಪ್ರತಿಯೊಬ್ಬರ ಪಾಲನ್ನು ಗುರುತಿಸಲಾಗುತ್ತದೆಂದು ತಿಳಿದಾಗ ಆ ಜಡತೆ ಮಾಯವಾಯಿತೆಂದು 1981ರ ಮುಂದಿನ ಅಧ್ಯಯನ ತೋರಿಸಿತು. ಆದ್ದರಿಂದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಬ್ಬೊಬ್ಬರದೇ ಕೆಲಸಕ್ಕೆ, ಅಂದರೆ ಅಕ್ಷರಕ್ಕಿಳಿಸಿದ ಭಾಗ, ಪ್ರತ್ಯೇಕವಾಗಿ ಬರೆದ ಒಂದು ಪುಟ ಮತ್ತು ಚರ್ಚೆಯ ನಂತರ ತಾವು ಬದಲಿಸಿಕೊಂಡದ್ದರ ಬಗೆಗಿನ ಟಿಪ್ಪಣಿಗೆ ಮೀಸಲಿಡಬೇಕು. ಉಳಿದದ್ದು ಮೂರು ಅಂಕಣಗಳ ಪಟ್ಟಿಗೆ ಮತ್ತು ಅಂತಿಮ ಬರಹಕ್ಕೆ. ನಿರೂಪಕರ ಬದುಕು ಎಷ್ಟು ಮನಮುಟ್ಟುವಂತಿದೆ ಎಂಬುದು ಅಂಕಕ್ಕೆ ಕಾರಣವಾಗಬಾರದು. ಹಾಗಾದರೆ ವಿದ್ಯಾರ್ಥಿಗಳು ಮುಂದಿನ ಬಾರಿ ನೋವನ್ನು ಹುಡುಕಿಕೊಂಡು ಹೋಗುತ್ತಾರೆ.

ಎಂಟು ವಾರಗಳು ಈ ಕೆಲಸಕ್ಕೆ ಸಾಕು: ಅಭ್ಯಾಸ ಮತ್ತು ಒಪ್ಪಿಗೆಗೆ ಎರಡು, ಮೊದಲ ಭೇಟಿ ಮತ್ತು ಅಕ್ಷರಕ್ಕಿಳಿಸುವುದಕ್ಕೆ ಎರಡು, ಪಟ್ಟಿ ಮತ್ತು ಪ್ರತ್ಯೇಕ ಪುಟಗಳಿಗೆ ಒಂದು, ಎರಡನೆಯ ಭೇಟಿಗೆ ಒಂದು, ಕರಡು ಮತ್ತು ಓದಿ ಹೇಳುವುದಕ್ಕೆ ಎರಡು. ಚಿಕ್ಕ ಮಕ್ಕಳಾದರೆ ಒಂದೇ ವಸ್ತುವನ್ನು ಹಿಡಿದು ಒಂದೇ ಭೇಟಿಯಲ್ಲಿ ಮುಗಿಸಬಹುದು. ಮಾತನಾಡಿಸಲು ಯಾರೂ ಸಿಗದಿದ್ದಾಗ ತೀರಿಕೊಂಡ ವ್ಯಕ್ತಿಯೊಬ್ಬರನ್ನು ಆರಿಸಿಕೊಂಡು, ಪತ್ರಗಳು ಒಬ್ಬರಿಗೆ, ಪತ್ರಿಕಾ ವರದಿಗಳು ಒಬ್ಬರಿಗೆ, ಸಮಕಾಲೀನರ ನೆನಪುಗಳು ಒಬ್ಬರಿಗೆ, ಆ ವ್ಯಕ್ತಿಯದೇ ಬರಹ ಒಬ್ಬರಿಗೆ ಎಂದು ಆಧಾರಗಳನ್ನು ಹಂಚಿ, ನಾಲ್ವರಿಗೂ ಒಂದೇ ಪ್ರಸಂಗವನ್ನು ಬರೆಯಲು ಕೊಡಬಹುದು.

ಯೋಜನೆ ಮುಗಿದ ಮೇಲೆ ಧ್ವನಿ ಕಡತಗಳು ವಿದ್ಯಾರ್ಥಿಗಳ ಫೋನುಗಳಲ್ಲಿ ಉಳಿಯಬಾರದು. ಬರಹದ ಒಂದು ಮುದ್ರಿತ ಪ್ರತಿಯನ್ನೂ ಧ್ವನಿಮುದ್ರಣದ ಒಂದು ಪ್ರತಿಯನ್ನೂ ನಿರೂಪಕರಿಗೆ ಕೊಟ್ಟು, ಅವರು ಎರಡನೆಯ ಒಪ್ಪಿಗೆ ಪತ್ರದಲ್ಲಿ ಹೇಳಿದ್ದರೆ ಮಾತ್ರ ಇನ್ನೊಂದು ಪ್ರತಿಯನ್ನು, ದಿನಾಂಕ, ಕೇಳಿದವರ ಹೆಸರು ಮತ್ತು ಯಾರು ಓದಬಹುದೆಂಬ ಷರತ್ತಿನೊಂದಿಗೆ ಶಾಲೆಯ ಗ್ರಂಥಾಲಯದಲ್ಲಿಟ್ಟು, ಉಳಿದೆಲ್ಲವನ್ನೂ ಶಿಕ್ಷಕರ ಎದುರಿನಲ್ಲಿ ಅಳಿಸಬೇಕು.